ಕೆಳಗಿನ ಸಾಲು

ಗೋಡೆಯ ನಕ್ಷೆಯಲ್ಲಿ ಆಫ್ರಿಕಾ ಗಿಡ್ಡ.
ಪುಸ್ತಕದಲ್ಲಿ, ಹಿಂಡದೆ ಒಣಹಾಕಿದ ಅಂಗಿಯಂತೆ ಉದ್ದಕ್ಕೆ ಜೋತುಬಿದ್ದಿದೆ.
"ಎರಡರಾಗ ಯಾವುದು ಖರೆ ರೀ ಸರ್?"
ಎಂಟನೇ ಇಯತ್ತೆಯ ಭೌರಮ್ಮ ಕೇಳಿದ್ದು ಜುಲೈನಲ್ಲಿ.
ನಾಳೆ ಹೇಳತೀನಿ ಅಂದೆ.
ಆ ನಾಳೆ ದೀಪಾವಳಿ ದಾಟಿತು.

ಅಕ್ಕಲಕೋಟೆಯ ವಾಚನಾಲಯದಲ್ಲಿ
ನಕ್ಷಾ ಪ್ರಕ್ಷೇಪದ ಪುಸ್ತಕ ಬೇಕು ಅಂದರೆ
ಪ್ರಕ್ಷೇಪಣಾಸ್ತ್ರ ಎಂದು ತಿಳಿದು
ಬಾಲ ಉರಿಯುವ ರಾಕೆಟ್ಟಿನದೊಂದು ತಂದಿಟ್ಟರು.
ಅದನ್ನೂ ಓದಿದೆ. ಏನು ಮಾಡುವುದು.

ರವಿವಾರ ಎಸ್‌ಟಿಯಲ್ಲಿ ನಿಂತೇ ಸೊಲ್ಲಾಪುರ.
ಹಳೆ ಪುಸ್ತಕದ ಯೆಮುಲ ಕಾಕಾ
ಏಣಿ ಹತ್ತಿ, ಕೆಮ್ಮಿ, ಮೂರು ಇಳಿಸಿದರು.
ಒಂದು ಮರಾಠಿ: ಪರೀಕ್ಷೆಗೆ ಗಟ್ಟಿ,
ಉತ್ತರಗಳೆಲ್ಲ ಇವೆ, ಚಿತ್ರ ಒಂದೂ ಇಲ್ಲ.
ಒಂದು ಇಂಗ್ಲಿಷು: ಹೊಸ್ತಿಲಲ್ಲೇ ಕೋಸೈನು ಕಾವಲು,
ಮಡಿಸಿಟ್ಟ ನಕ್ಷೆಗಳನ್ನು ಯಾರೋ ಬ್ಲೇಡಿನಿಂದ ಕೊಯ್ದೊಯ್ದಿದ್ದರು.
ಮೂರನೆಯದರ ಬೆನ್ನನ್ನು ಗೆದ್ದಲು ತಿಂದು
ಹೆಸರೇ ಇರಲಿಲ್ಲ.
ಆದರೆ ಪ್ರತಿ ನಕ್ಷೆಯ ಕೆಳಗೆ ಒಂದು ಸಾಲು:
ಇದು ದಿಕ್ಕು ಉಳಿಸಿ ಅಳತೆ ಕೆಡಿಸಿದ್ದು.
ಇದು ಅಳತೆ ಉಳಿಸಿ ಆಕಾರ ಕೆಡಿಸಿದ್ದು.
ಇದು ಎಲ್ಲವನ್ನೂ ಚೂರುಚೂರು ಕೆಡಿಸಿ
ಪಂಚಾಯ್ತಿ ಮಾಡಿದ್ದು.

ಅಂಗಡಿಯ ಮೆಟ್ಟಿಲ ಮೇಲೇ ಕೂತು ಓದಿದೆ.
"ತಗೊಳ್ಳಿ ಗುರೂಜಿ, ನಲವತ್ತು ಕೊಡ್ರಿ.
ತೂಕಕ್ಕೆ ಹಾಕಿದ್ರೆ ಇನ್ನೂ ಕಮ್ಮಿ ಆಗತಿತ್ತು."

ಸೋಮವಾರ, ಮೂರನೇ ತಾಸು.
ದುಂಡಗಿನದನ್ನು ಚಪ್ಪಟೆ ಮಾಡುವಾಗ, ಅಂತ
ಶುರುಮಾಡಿದ್ದೆನೋ ಇಲ್ಲವೋ,
ಭೌರಮ್ಮ ಎದ್ದು ನಿಂತಳು.
"ನಮ್ಮವ್ವ ಕುಲಾಯಿ ಹೊಲೀತಾಳ್ರಿ ಸರ್.
ಅರಿವಿ ಚಪ್ಪಟಿ, ಕೂಸಿನ ತಲಿ ದುಂಡಗ.
ನೆರಗಿ ಹಿಡೀಲಿಲ್ಲಂದ್ರ ಕುಲಾಯಿ ಆಗೂದಿಲ್ಲ.
ನೆರಗಿ ಎಲ್ಲಿ ಹಿಡೀಬೇಕು ಅನ್ನೂದು
ಹೊಲಿಯಾಕಿ ಮರ್ಜಿ."

ನಾನು ಪುಸ್ತಕ ಮುಚ್ಚಿ ಬೆರಳಿಟ್ಟುಕೊಂಡೆ.

ಮರುದಿನ ಒಂದನ್ನು ತಂದಳು.
"ತಮ್ಮಂದ್ರಿ. ಈಗ ಅವಗ ಹಿಡಿಯಂಗಿಲ್ಲ."
ಹಲ್ಲಿನಿಂದ ದಾರ ಕಡಿದು, ಹೊಲಿಗೆ ಬಿಚ್ಚಿ,
ನನ್ನ ಮೇಜಿನ ಮೇಲೆ ಹರಡಿದಳು:
ನಾಕು ಎಸಳು, ನಡುವೆ ಸೀಳು.
ಅರವತ್ತೊಂದನೇ ಪುಟ ತೆಗೆದು ಪಕ್ಕಕ್ಕಿಟ್ಟೆ.
ಅದೇ ಸೀಳು. ಅಲ್ಲಿ ಸಮುದ್ರ ಹರಿದಿತ್ತು,
ಇಲ್ಲಿ ಕೆಂಪು ಛೀಟು.

ಹುಡುಗರು ಬೆಂಚು ಹತ್ತಿ ಬಗ್ಗಿ ನೋಡಿದರು.
ಕೆಳಗೊಂದು ಸಾಲು ಬರೆಯಬೇಕಲ್ಲ,
ಚಾಕ್ ಹಿಡಿದು ಬಗ್ಗಿದೆ.
ಏನು ಕೆಟ್ಟಿದೆ ಅನ್ನುವುದು ಕಣ್ಣಿಗೇ ಕಾಣುತ್ತಿತ್ತು.
ಏನು ಉಳಿದಿದೆ ಎಂದು ಹುಡುಕುವಷ್ಟರಲ್ಲಿ
ಬಟ್ಟೆಯಿಂದ ಹರಳೆಣ್ಣೆಯ ವಾಸನೆ ಬಂತು.