ಇವತ್ತು ಎಷ್ಟಾಣೆ?

ಮಂಗಳವಾರ ನಾಕಕ್ಕ ಫೋನ್ ಹಿಡಿಯೂದು ನನ್ನ ಕೆಲಸ.
ಹುಲಿಗೆವ್ವನ ಮನಿಯಾಗ ಸಿಗ್ನಲ್ ಸಿಗೂದು ಒಂದ ಮೂಲ್ಯಾಗ,
ಹಿಟ್ಟಿನ ಡಬ್ಬಿ ಪಕ್ಕ, ಕಿಟಕಿ ಸರಳಿಗೆ ಹತ್ತಿ ನಿಂತರ.
ಹೊರಸು ಅಲ್ಲಿಗೇ ಎಳದೀವಿ.
ಭಾಗ್ಯನಗರದ ಬಿಸಲು ಆಕಿ ಅರ್ಧ ಮುಖಕ್ಕ ಬೀಳತೈತಿ,
ಉಳಿದರ್ಧ ಡಾಕ್ಟರಿಗೆ ಕತ್ತಲಿ.

"ಮಾಬುನ್ನಿ, ಸ್ವಲ್ಪ ಬೆಳಕಿಗೆ" ಅಂತಾರ ಹುಬ್ಬಳ್ಳಿಂದ.
ಅವರ ಹಿಂದಿನ ಗ್ವಾಡಿ ಬೆಳ್ಳಗ, ಬರೇ ಗ್ವಾಡಿ.
ನಮ್ಮ ಗ್ವಾಡಿಗೆ ಹೋದ ವರ್ಷದ ಕ್ಯಾಲೆಂಡರ್,
ಕೀಮೋ ತಾರೀಖಿಗೆ ಕೆಂಪು ಪೆನ್ನಿನ ಸುತ್ತು.
ಆರು ಸುತ್ತು. ಆಮ್ಯಾಲ ಇಲ್ಲ.

ಮೊದಲ ಸಲ ಕೇಳಿದ್ರು:
"ನೋವು ಎಷ್ಟಿದೆ ಅಮ್ಮಾ, ಒಂದರಿಂದ ಹತ್ತರಲ್ಲಿ?"
ಆಕಿ ನನ್ನ ಮಾರಿ ನೋಡಿದಳು.
ಲೆಕ್ಕ ಬರೂದಿಲ್ಲಂತಲ್ಲ.
ಮೂವತ್ತು ವರ್ಷ ಕೂದಲದ ಶೆಡ್ಡಿನಾಗ
ಎಂಟಿಂಚು, ಹತ್ತಿಂಚು, ಹದಿನಾಲ್ಕಿಂಚು
ಕಣ್ಣಳತಿಯಾಗ ಬ್ಯಾರೆ ಮಾಡಿದಾಕಿ.
ಕಡೀಕ ಅಂದಳು: "ಹಗಲಿ ಹನ್ನೆರಡಾಣೆ.
ರಾತ್ರಿ ಪೂರಾ ರೂಪಾಯಿ."
ಆಣೆ ಕಂಡಿರದ ಡಾಕ್ಟರು ಸುಮ್ಮಕಾದ್ರು.
ನೆಟ್ ಹೋತೇನೋ ಅಂತ ನಾ ಫೋನ್ ಅಲ್ಲಾಡಿಸಿದೆ.
ಹೋಗಿರಲಿಲ್ಲ. ಬರಕೊಳ್ಳಾಕತ್ತಿದ್ರು.

ಮಾರ್ಫಿನ್ ಗುಳಿಗಿ ಬಂತು. ಮಗ ಯಂಕೋಬ
ಗಿಣಿಗೇರಿ ಫ್ಯಾಕ್ಟರಿ ರಾತ್ರಿಪಾಳಿ ಮುಗಿಸಿ
ಕೊಪ್ಪಳದ ದವಾಖಾನಿ ಸಾಲಿನಾಗ ನಿಂತ ತರತಾನ,
ನಿಂತಲ್ಲೇ ತೂಕಡಸತಾನಂತ.

"ಬಲಕ್ಕೆ, ಪಕ್ಕೆಲುಬಿನ ಕೆಳಗೆ, ಮೆಲ್ಲಗೆ ಒತ್ತು."
ಎಡಗೈಯಾಗ ಫೋನು, ಬಲಗೈಯಾಗ ಡಾಕ್ಟರು.
"ಗಟ್ಟಿ ಇದೆಯಾ?"
ನಾದಿದ ಹಿಟ್ಟು ಗಾಳಿಗಿಟ್ಟು ಮರತಂಗ ಐತ್ರಿ, ಅಂದೆ.
ಅವರು ತಲಿ ಹಾಕಿದ್ರು.
ಆ ರಾತ್ರಿ ನಿದ್ದಿ ಹತ್ತಲಿಲ್ಲ ನನಗ.
ನನ್ನ ಬೆರಳು ಸುಳ್ಳು ಹೇಳಿದ್ರ?

ಬಾಯಿ ಅಂತೂ ಹೇಳೇತಿ.
"ಗಾಯಕ್ಕೆ ವಾಸನೆ ಇದೆಯಾ?" ಅಂದಾಗ
ಆಕಿ ಎದುರಿಗೆ ಇಲ್ರಿ ಅಂದೆ.
ಆಮ್ಯಾಲ ಬಚ್ಚಲದ ಹಿಂದ ನಿಂತು, ಸಿಗ್ನಲ್ ಎರಡ ಗೆರಿ,
ಐತ್ರಿ, ಊದಿನಕಡ್ಡಿ ಹಚ್ಚಿದ್ರೂ ಐತಿ, ಅಂದೆ.
ಆ ಅಷ್ಟು ಮಾತ್ರ ಫೋನಿನಾಗ ಹೋಗೂದಿಲ್ಲ ನೋಡ್ರಿ.
ಬೇರೆ ಗುಳಿಗಿ ಹೇಳಿದ್ರು. ಪುಡಿ ಮಾಡಿ ಗಾಯದ ಮ್ಯಾಲ
ಉದುರಿಸಬೇಕಂತ. ಶನಿವಾರಕ್ಕ
ಆಕಿ ಮಮ್ಮಕ್ಕಳು ಮತ್ತ ಹೊರಸು ಏರಿದ್ವು.

ಒಂದು ಮಂಗಳವಾರ ಡಾಕ್ಟರು ಬಗ್ಗಿದ್ರು,
ಜಡಿ ಹೆಗಲ ಮ್ಯಾಲಿಂದ ಪರದೆಯೊಳಗ ಜಾರಿತು.
ಹುಲಿಗೆವ್ವ ಕಣ್ಣು ಕಿರಿದು ಮಾಡಿದಳು.
"ಹದಿನೆಂಟಿಂಚು. ಒಂದನೇ ನಂಬರ್ ಮಾಲು.
ಮಾರಬ್ಯಾಡಂತ ಹೇಳ ಆಕೀಗೆ."
ತಂದು ಉದುರಿದ ದಿನಾನೂ ಹಿಂಗ,
ಉಡಿಯಾಗ ಹಾಕ್ಕೊಂಡು ಬೆಳಕಿಗೆ ಹಿಡದಿದ್ಲು:
"ಒಂಬತ್ತಿಂಚು, ನಡುವ ಬಿಳಿ. ಸೇಠ ಮುಟ್ಟೂದಿಲ್ಲ."

ಈ ವಾರ ಡಾಕ್ಟರು ಮೊದಲಿಗೇ ಕೇಳಿದ್ರು,
"ಇವತ್ತು ಎಷ್ಟಾಣೆ?"
"ನಾಕಾಣೆ."
"ಇನ್ನೂ ಕಡಿಮೆ ಮಾಡೋಣ."
"ಬ್ಯಾಡ ಬಿಡವ್ವ, ಅಷ್ಟಿರಲಿ.
ಪೂರಾ ಹೋದ್ರ ನೀ ಫೋನ್ ಮಾಡೂದು ಬಿಡತೀ."

ಕೆಂಪು ಗುಂಡಿ ಆಕೀನೇ ಒತ್ತಬೇಕು, ಅದು ಹಟ.
ಕೂದಲು ಎಳದೆಳದು ಸವದ ಬೆರಳು,
ಗಾಜಿಗೆ ಅದರ ಗುರುತು ಹತ್ತೂದಿಲ್ಲ.
ಒಂದು ಸಲ. ಎರಡು ಸಲ.
ಅಲ್ಲೀತನಕ ಆ ಕಡೆ, ಬಿಳಿ ಗ್ವಾಡಿ ಮುಂದ,
ಡಾಕ್ಟರು ಕಾಯಕೊಂತ ಕುಂತಿದ್ರು.