ಹದಿನಾಲ್ಕನೇ ಕಲಮು

ಲಾಲ್‌ಬಾಗಿನ ಪಾಲಿಕೆ ಕಚೇರಿ, ಮೂರನೇ ಮಹಡಿ.
ನನ್ನ ಕೆಲಸ ಇಷ್ಟೇ: ಅವರು ಇಂಗ್ಲಿಷಿನಲ್ಲಿ ಕೊಟ್ಟದ್ದನ್ನು
ಕನ್ನಡದಲ್ಲಿ ಇಸಕೊಳ್ಳುವುದು.
ತೊಂಬತ್ತೆರಡು ಪುಟ. ಸೋಮವಾರಕ್ಕೆ ಬೇಕಂತೆ.

ನೀರಿಗೆ ದುಡ್ಡು. ತುಂಬೆಯಿಂದ ಹೊಸ ಕೊಳವೆ,
ನದಿಯ ಅಡಿಯಿಂದ ಬೆಂಗ್ರೆಯವರೆಗೆ.
ಸಾಲವೋ ನೆರವೋ ಎಂದು ಲೆಕ್ಕಶಾಖೆಯ ಐತಪ್ಪಣ್ಣನ ಹತ್ತಿರ ಕೇಳಿದೆ.
"ಬರ್ಫಿ ಕಂಡಿದ್ದೀರಲ್ಲ ಮಾರಾಯ್ರೆ,
ಮೇಲಿನ ಬೆಳ್ಳಿ ಕಾಗದ ನೆರವು."

ಮೊದಲ ತೊಡಕು ಕಂಡಿಷನ್ ಎಂಬ ಶಬ್ದ.
ಷರತ್ತು ಎಂದೆ, ಕೋಳಿ ಅಂಕದ ಪಂದ್ಯ ಕಟ್ಟಿದ ಹಾಗಾಯಿತು.
ಕರಾರು ಎಂದೆ, ಅಜ್ಜನ ಗೇಣಿಚೀಟಿಯ ವಾಸನೆ ಬಂತು.
ಕಟ್ಟಳೆ ಎಂದೆ.
ಅದು ದೈವದ ಬಾಯಿಂದ ಬರಬೇಕಾದ ಮಾತು,
ಹೊಡೆದು ಹಾಕಿದೆ.

ಹದಿನಾಲ್ಕನೇ ಕಲಮು, ಉಪಕಲಮು ಒಂದು:
ಚುನಾಯಿತ ಪರಿಷತ್ತು ಇಲ್ಲದ ಪಾಲಿಕೆಗೆ
ಎರಡನೇ ಕಂತು ಇಲ್ಲ.

ಪೆನ್ನು ಕೆಳಗಿಟ್ಟೆ.
ಎರಡು ವರ್ಷ ಏಳು ತಿಂಗಳಿಂದ ಮೇಯರ್ ಕುರ್ಚಿಯಲ್ಲಿ
ಬಿಳಿ ಟವೆಲು ಮಾತ್ರ ಕೂತಿದೆ.
ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ತಡೆಯಾಜ್ಞೆ, ತಡೆಗೊಂದು ತಡೆ.
ಬೆಂಗ್ರೆಯ ಬೀಪಾತುಮ್ಮ ಮೂವತ್ತೆಂಟು ಸಹಿ
ಹನ್ನೊಂದು ಹೆಬ್ಬೆಟ್ಟು ತಂದು ಕೊಟ್ಟಿದ್ದರು:
ನಮಗೊಬ್ಬ ಮೆಂಬರು ಬೇಕು, ಬೈಯಲಿಕ್ಕಾದರೂ.
ಆ ಅರ್ಜಿಯನ್ನು ಫೈಲಿಗೆ ಹಾಕಿದವನು ನಾನೇ,
ದಾರ ಬಿಗಿದವನೂ.

ಈಗ ಹಿಮ ಬೀಳುವ ಊರಿನ ಯಾರೋ
ಅದನ್ನೇ ಒಂದು ಸಾಲಿನಲ್ಲಿ ಕೇಳಿದರು,
ಗುರುವಾರ ಮತದಾರರ ಪಟ್ಟಿ ಅಚ್ಚಿಗೆ ಹೋಯಿತು.
ಸಂತೋಷಪಡಬೇಕು. ಪಟ್ಟೆ ಕೂಡ.
ಸಂಜೆ ಬಂದರಿನ ದೋಣಿ ಕಾಯುತ್ತಾ ನಿಂತಾಗ ಹೊಳೆಯಿತು:
ನಮ್ಮ ಮಗುವಿನ ಜ್ವರಕ್ಕೆ ನಾವು ಕರೆದರೆ ಬಾರದ ಡಾಕ್ಟರು
ಪಕ್ಕದ ಬಂಗಲೆಯವರು ಗದರಿದ ಮೇಲೆ ಬಂದಂತೆ.
ಜ್ವರ ಇಳಿಯಿತು.
ಮುಖ ಇಳಿದದ್ದು ಬೇರೆ.

ಉಪಕಲಮು ಎರಡು:
ಸದರಿ ಪರಿಷತ್ತು ತನ್ನ ಮೊದಲ ಸಭೆಯಲ್ಲಿಯೇ
ಬೀದಿ ನಳ್ಳಿಗಳನ್ನು ಮುಚ್ಚುವ ನಿರ್ಣಯವನ್ನು
ಅಂಗೀಕರಿಸತಕ್ಕದ್ದು.

ತಕ್ಕದ್ದು. ಎಷ್ಟು ಸಭ್ಯ ಶಬ್ದ.
ಯಾರನ್ನಾದರೂ ಆರಿಸಿ, ಕೈ ಮಾತ್ರ ಹೀಗೆ ಎತ್ತಬೇಕು.
ದಾನದ ಹಸುವಿನ ಹಲ್ಲು ಎಣಿಸಬಾರದು, ಒಪ್ಪಿದೆ.
ಇಲ್ಲಿ ಹಸುವೇ ನಮ್ಮ ಹಲ್ಲು ಎಣಿಸುತ್ತಿದೆ.

ಬೊಕ್ಕಪಟ್ಣದ ಶಾಲೆಯಲ್ಲಿ ಹಳದಿ ಸಜ್ಜಿಗೆ ತಿಂದವರು ನಾವು.
ಹಡಗಿನಲ್ಲಿ ಬಂದ ಗೋಣಿ, ಅದರ ಮೇಲೆ ಕೈಗೆ ಕೈ ಕೊಟ್ಟ ಚಿತ್ರ.
ಆ ಎಣ್ಣೆಯ ಕಮಟು ಈಗಲೂ ಮೂಗಿನಲ್ಲುಂಟು.
ಎಷ್ಟು ಬೇಕಾದರೂ ತಿನ್ನಬಹುದು, ಅಲ್ಲೇ ಕೂತು.
ಮನೆಗೆ ಒಯ್ಯಬಾರದು, ಅಷ್ಟೇ.
ಬಾಗಿಲಲ್ಲಿ ಪಾವ್ಲಿನ್ ಟೀಚರು ಜೇಬು ಮುಟ್ಟಿ ಬಿಡುತ್ತಿದ್ದರು.
ತಮ್ಮನಿಗೆ ಶಾಲೆಗೆ ಸೇರುವ ಪ್ರಾಯ ಆಗಿರಲಿಲ್ಲ.
ಒಂದು ತುತ್ತನ್ನು ಬಾಯೊಳಗೇ ಇಟ್ಟುಕೊಂಡು
ನುಂಗದೆ
ಅರ್ಧ ಮೈಲು ಓಡಿದ್ದುಂಟು.

ಬ್ಯಾಂಕಿನ ಮನುಷ್ಯ ಕೆಟ್ಟವನಲ್ಲ.
ನೀರುದೋಸೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು
ಕಸೂತಿಯ ಹಾಗೆ ನೋಡಿದ. ನಮ್ಮ ಸೆಕೆಗೆ ನಕ್ಕ.
"ನಿಮ್ಮ ಭಾಷೆಯಲ್ಲಿ ಹದಿನಾಲ್ಕು ಸರಿಯಾಗಿ ಕೂತಿತೇ?"
ಅವನ ಹೊಸ ಕೊಳವೆ ಬೇಡ ಎನ್ನುವ ಧೈರ್ಯ ನನಗಿಲ್ಲ,
ಬೀಪಾತುಮ್ಮನ ಸೊಂಟಕ್ಕೂ ಇಲ್ಲ.

ಭಾನುವಾರ ರಾತ್ರಿ, ಫ್ಯಾನಿನ ಕೆಳಗೆ, ಎಲ್ಲರೂ ಮಲಗಿದ ಮೇಲೆ,
ಅಂಗೀಕರಿಸತಕ್ಕದ್ದು ಎಂಬುದನ್ನು ಅಳಿಸಿ
ಪರಿಶೀಲಿಸತಕ್ಕದ್ದು ಎಂದು ಬರೆದೆ.
ನಾಲಿಗೆಯ ಮೇಲೆ ಸಜ್ಜಿಗೆ ಇದ್ದ ಹಾಗೆ
ಸ್ವಲ್ಪ ಹೊತ್ತು ಬಾಯಿ ಮುಚ್ಚಿ ಕೂತೆ.

ಆಮೇಲೆ ತೊಂಬತ್ತೆರಡನೇ ಪುಟ, ಕೊನೆಯ ಕಲಮು:
ಎರಡು ಪಾಠಗಳಲ್ಲಿ ವ್ಯತ್ಯಾಸ ಕಂಡುಬಂದಲ್ಲಿ
ಇಂಗ್ಲಿಷ್ ಪಾಠವೇ ಸಿಂಧು.

ಅದನ್ನು ಒಂದಕ್ಷರವೂ ತಪ್ಪದಂತೆ ಕನ್ನಡಿಸಿದೆ.