ಹನ್ನೊಂದು ಕ್ಲಿಕ್ಕು

ಕ್ರ್ಯಾಡ್ಲಿ ಹೀತ್‌ನಲ್ಲಿ ಈಗ ಸರಪಳಿ ಬಡಿಯುವವರಿಲ್ಲ.
ಕುಲುಮೆಯಿದ್ದ ಜಾಗದಲ್ಲಿ ಟಯರು ಮಾರುತ್ತಾರೆ.
ಅಪ್ಪನ ಏರ್ ರೈಫಲ್ಲು ಮಾತ್ರ
ಹಿತ್ತಿಲ ಶೆಡ್ಡಿನಲ್ಲಿ ಕಂಬಳಿ ಹೊದ್ದು
ಜ್ವರ ಬಂದವರ ಹಾಗೆ ಮಲಗಿತ್ತು.

ಬುಧವಾರ ರಾತ್ರಿ, ಪಬ್ಬಿನ ಹಿಂದಿನ ಕೋಣೆ.
ಆರು ಗಜ ದೂರಕ್ಕೆ ಕಬ್ಬಿಣದ ತಟ್ಟೆ,
ನಡುವೆ ಕಡಲೆಕಾಳು ನುಸುಳುವಷ್ಟು ತೂತು,
ತೂತಿನ ಹಿಂದೆ ಗಂಟೆ.
ಮೆಟ್ಟಿಲ ಮೇಲೆ ಕೂತು ನಾನು
ಆಗದ ಸದ್ದುಗಳನ್ನು ಎಣಿಸುತ್ತಿದ್ದೆ.
ಫೋರ್‌ಮನ್ ಬೈದ ವಾರ ಏಳಕ್ಕೆ ಮೂರು.
ಸಂಬಳದ ವಾರ ಏಳಕ್ಕೆ ಏಳು.
ಅಮ್ಮ ಬಾಗಿಲು ತೆರೆದವಳೇ ಕೇಳುತ್ತಿದ್ದಳು: "ಎಷ್ಟು?"
ಆಮೇಲೆ, ಮಾತಾಡಬೇಕೋ ಸುಮ್ಮನಿರಬೇಕೋ ನಿರ್ಧರಿಸುತ್ತಿದ್ದಳು.

"ನಿಮ್ಮಪ್ಪ ಹ್ಯೂಬರ್ಟು," ಅಂದರು ಟ್ರೋಮನ್ಸ್,
ತಿರುಪು ಸಡಿಲಿಸುತ್ತಾ,
"ಇದನ್ನ ಕೊಸರಾಡೋ ಕುರಿ ಹಿಡಿದ ಹಾಗೆ ಹಿಡೀತಿದ್ದ.
ಟ್ರಿಗರ್ ಒತ್ತಿದ್ದೇ ತಡ, ಸ್ಪ್ರಿಂಗು ಬಿಚ್ಚಿ
ಪಿಸ್ಟನ್ನು ಮುಂದಕ್ಕೆ ನುಗ್ಗುತ್ತೆ,
ಬಂದೂಕು ಹಿಂದಕ್ಕೆ ಒದೆಯುತ್ತೆ.
ಗಾಳಿಯ ಮೆತ್ತೆಗೆ ತಲೆ ಕೊಟ್ಟು ಪಿಸ್ಟನ್ನು ನಿಂತರೆ
ಬಂದೂಕು ಮುಂದಕ್ಕೆ ಮುಗ್ಗರಿಸುತ್ತೆ.
ಗುಂಡು ಇನ್ನೂ ನಳಿಗೆಯೊಳಗೇ ಇರುತ್ತೆ, ಬೆರಿಲ್, ಅದೇ ಕಷ್ಟ."

ನನಗೆ ಗೊತ್ತಿತ್ತು.
ಹೊಸಿಲು ದಾಟುವ ಮುಂಚೆ
ಮನೆಯ ಜಗಳವನ್ನೆಲ್ಲ ಕೇಳಿಸಿಕೊಂಡೇ
ಶಾಲೆಗೆ ಹೊರಟವಳು ನಾನು.

ಒಳಗೆ ಸ್ಪ್ರಿಂಗು ಬಾಳೆಹಣ್ಣಿನಂತೆ ಬಾಗಿತ್ತು.
ಅದರ ಹೊಟ್ಟೆಯೊಳಗಿನ ಸರಳು ತೀರ ಸಣ್ಣದು,
ಅಣ್ಣನ ಶೂ ಹಾಕಿಕೊಂಡ ತಮ್ಮನ ಕಾಲು.
ಟ್ರೋಮನ್ಸ್ ಲೇತಿನಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಹೊಸ ಸರಳು ಕಡೆದರು,
ಒತ್ತಿದರೆ ಮಾತ್ರ ಒಳಹೋಗುವಷ್ಟು ಬಿಗಿ.
ಹೊಸ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದರು.
ತುದಿಗೊಂದು ನುಣುಪು ವಾಷರು.
ಡಾಂಬರಿನಂಥ ಗ್ರೀಸು, ಕಾಡಿಗೆಯಷ್ಟು ತೆಳ್ಳಗೆ.
"ಬಲ ತಗ್ಗುವುದಿಲ್ಲವೇ?" ಅಂದೆ.
"ಆರು ಗಜಕ್ಕೆ ಎಷ್ಟು ಬಲ ಬೇಕಮ್ಮ?"

ಮುಂಚೆ ಹೊಡೆದರೆ
ಹಳೇ ಮಂಚದಿಂದ ಯಾರೋ ಎದ್ದಂತೆ ಕಿಂಯ್‌ಗುಡುತ್ತಿತ್ತು.
ಈಗ ಅಲಮಾರು ಮುಚ್ಚಿದ ಸದ್ದು,
ಅಷ್ಟೆ.

"ಹಿಡೀಬೇಡ, ಹೊತ್ತುಕೋ,
ಒಲೆಯಿಂದ ತೆಗೆದ ಪೈ ತಟ್ಟೆ ಹೊರ್ತೀಯಲ್ಲ, ಹಾಗೆ.
ಹೆಬ್ಬೆರಳು ಅಲ್ಲಿ ಬೇಡ."
ಅಲ್ಲಿ ಅಂದರೆ, ಮರ ಸವೆದು ಗುಳಿಬಿದ್ದ ಕಡೆ.
ನಲವತ್ತು ವರ್ಷ ಅಪ್ಪನ ಹೆಬ್ಬೆರಳು
ಅಲ್ಲಿ ಕೂತು ತನ್ನ ತಗ್ಗು ತೋಡಿಕೊಂಡಿತ್ತು.

ಬುಧವಾರ, ಯಾರೂ ಬರುವ ಮುಂಚೆ.
ಏಳು ಗುಂಡು.
ಏಳೂ ಒಂದೇ ಕಡೆ, ಒಂದರ ಬೆನ್ನ ಮೇಲೊಂದು.
ತೂತಿನಿಂದ ಒಂದು ಬೆರಳು ಬಲಕ್ಕೆ.
ಗಂಟೆ ಒಮ್ಮೆಯೂ ಆಗಲಿಲ್ಲ.

ಟ್ರೋಮನ್ಸ್ ನಕ್ಕರು. ಗುರಿಕಣ್ಣು ಅಪ್ಪನದು:
ಅವನ ಮುಷ್ಟಿ ಎಡಕ್ಕೆ ಎಳೆಯುವಷ್ಟನ್ನೂ
ಅವನೇ ಕೂತು ಬಲಕ್ಕೆ ತಿದ್ದಿಟ್ಟಿದ್ದ.
ಅಂದರೆ ಗೊತ್ತಿತ್ತು ಅವನಿಗೆ.
ಕೈಯನ್ನು ತಿದ್ದಲಾಗದೆ
ಕಣ್ಣನ್ನು ತಿದ್ದಿಕೊಂಡಿದ್ದ.

ಸ್ಕ್ರೂಡ್ರೈವರು ನನ್ನ ಕೈಗೆ ಬಂತು.
ನಾನದನ್ನು ಮೇಜಿನ ಮೇಲಿಟ್ಟು
ಹೆಬ್ಬೆರಳನ್ನು ಗುಳಿಯಲ್ಲಿ ಇಟ್ಟೆ.
ಹಲ್ಲು ಕಚ್ಚಿದೆ. ಕುರಿ ಹಿಡಿದ ಹಾಗೆ ಹಿಡಿದೆ.
ಗಂಟೆ ಹೊಡೆಯಿತು.

ಇನ್ನೊಮ್ಮೆ ಹಿಡಿದೆ. ತಟ್ಟೆಗೆ ಬಡಿಯಿತು, ಎಲ್ಲೋ ಕೆಳಗೆ.
"ಒಂದು ಸಲ ಎಲ್ಲರಿಗೂ ಆಗುತ್ತೆ," ಅಂದರು ಟ್ರೋಮನ್ಸ್,
ಬಿಯರಿನ ನೊರೆ ಒರೆಸಿಕೊಳ್ಳುತ್ತಾ.

ಆಮೇಲೆ ತಿರುಗಿಸಿದೆ, ಎಡಕ್ಕೆ,
ಒಂದೊಂದೇ ಕ್ಲಿಕ್ಕು ಬಾಯಿಬಿಟ್ಟು ಎಣಿಸುತ್ತಾ.
ಗುಂಡಿನ ಡಬ್ಬಿಯ ಮುಚ್ಚಳದ ಒಳಗೆ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ:
ಅಪ್ಪ — ಬಲಕ್ಕೆ ಹನ್ನೊಂದು.